ಫ್ಯಾನ್ ರಿಪೇರಿ ಎಂಬ ಮುನ್ನೂರ ಹನ್ನೆರಡು ಪತ್ರಗಳು

ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿದೆ. ಅದು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಕೂತಿದೆ. ಅಲ್ಲಿಂದ ಅದನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ನೆಲಮಾಳಿಗೆಯಿಂದ ನಾಲ್ಕನೇ ಮಹಡಿಯವರೆಗೆ ಎಲ್ಲರ ಬಾಯಲ್ಲೂ ಅವಳು ಯಾಕಮ್ಮ. ಯಾರು ಏನೇ ಹೇಳಲಿ, ಅವಳ ಬಾಯಿಂದ ಮೊದಲು ಬರುವುದು ‘ಯಾಕೆ?’ ಎಂಬ ಮಾತು. ಲಿಫ್ಟ್ ಕೆಟ್ಟಿದೆ ಎಂದರೆ ಯಾಕೆ. ಸರಿಹೋಯಿತು ಎಂದರೆ, ಮೊನ್ನೆ ಆಗದ್ದು ಇವತ್ತು ಯಾಕೆ ಆಯಿತು. ಮದುವೆಯಾದ ಮೂರನೆಯ ದಿನ ಗಂಡನನ್ನು, ‘ನೀವು ಚಪ್ಪಲಿ ಬಿಡುವಾಗ ಯಾವಾಗಲೂ ಎಡಗಾಲಿಂದೇ ಮೊದಲು ಬಿಡ್ತೀರಲ್ಲ, ಯಾಕೆ?’ ಎಂದು ಕೇಳಿದ್ದಳಂತೆ. ಗಂಡ ಬಸ್ಸಿನ ಡ್ರೈವರ್, ಮಾತು ಕಡಿಮೆ. ಆ ಬಡಪಾಯಿ ಇಂದಿಗೂ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಂದು ಗಳಿಗೆ ತಡವರಿಸುತ್ತಾನೆ.

ಹಾಗೆಂದು ಅವಳನ್ನು ಚಾಡಿಕೋರಳೆಂದು ತಿಳಿಯಬೇಡಿ. ಇಲ್ಲಿ ಕೇಳಿದ್ದನ್ನು ಅಲ್ಲಿಗೆ ಹೊತ್ತೊಯ್ದು ಸುರಿಯುವ ಪೈಕಿ ಅಲ್ಲವೇ ಅಲ್ಲ. ತಿಳಿದುಕೊಂಡರೆ ಅವಳಿಗೆ ಹೊಟ್ಟೆ ತುಂಬುತ್ತದೆ, ಅಷ್ಟೇ. ಕೋಡ್ ಬರೆಯುವುದನ್ನು ಕಲಿತದ್ದೂ ಹಾಗೆಯೇ. ಒಂದು ಸಲ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಅವಳ ಮುಂದೆಯೇ ಎಂಟು ಸಾವಿರ ಕಡತಗಳನ್ನು ಒಂದೇ ಒತ್ತಿಗೆ ತಾರೀಕಿನ ಪ್ರಕಾರ ಜೋಡಿಸಿಬಿಟ್ಟರು. ಯಾರನ್ನು ಕಂಡರೂ ‘ಪಾಸ್‌ವರ್ಡ್ ಬದಲಾಯಿಸಿದ್ರಾ?’ ಎಂದು ಕೇಳುವುದರಿಂದ ಅವರಿಗೆ ಪಾಸ್‌ವರ್ಡ್ ಸಾಹೇಬರೆಂದು ಹೆಸರು. ಇದು ಹೇಗಾಯಿತು, ಯಾಕಾಯಿತು ಎಂದು ಯಾಕಮ್ಮ ಬೆನ್ನು ಹತ್ತಿದಳು. ‘ಹಿಂದೆ ಕೋಡ್ ಇದೆಯಮ್ಮ,’ ಎಂದರು ಸಾಹೇಬರು. ‘ಹಿಂದೆ ಅಂದ್ರೆ ಎಲ್ಲಿ?’ ಎಂದಳು. ಪೀಡೆ ತೊಲಗಲಿ ಎಂದು ಅವರು ಒಂದು ದಪ್ಪ ಪುಸ್ತಕ ಕೊಟ್ಟು ಕಳಿಸಿದರು. ನಾಲ್ಕು ತಿಂಗಳ ಮೇಲೆ ಅವಳು ಪುಸ್ತಕವನ್ನು ವಾಪಸು ಕೊಟ್ಟು, ಒಂಬತ್ತನೇ ಅಧ್ಯಾಯದಲ್ಲಿ ಎರಡು ತಪ್ಪುಗಳಿವೆ, ಹಾಗೇ ಬರೆದರೆ ಓಡುವುದಿಲ್ಲ ಎಂದಳು. ಸಾಹೇಬರು ಕೂತು ನೋಡಿದರು. ಓಡಲಿಲ್ಲ.

ಇಂಥವಳ ಬದುಕಿನಲ್ಲಿ ಉತ್ತರ ಸಿಗದ ‘ಯಾಕೆ’ ಒಂದೇ ಒಂದು ಇತ್ತು. ಅದಕ್ಕೆ ಹನ್ನೊಂದು ವರ್ಷ ವಯಸ್ಸು.

ಮೊದಲು ಅವಳಿದ್ದದ್ದು ನೋಂದಣಿ ಕೌಂಟರಿನಲ್ಲಿ. ಮುಂಬಾಗಿಲ ಪಕ್ಕ, ಬೆಳಕು, ಗಾಳಿ, ದಿನಕ್ಕೆ ಮುನ್ನೂರು ಮುಖ. ಯಾರಿಗೆ ಏನು ಕಾಯಿಲೆ, ಯಾವ ಬಸ್ಸಿಗೆ ಬಂದರು, ಮನೆಯಲ್ಲಿ ಎಷ್ಟು ಜನ, ಎಲ್ಲ ಕೇಳುತ್ತಾ ಚೀಟಿ ಬರೆಯುತ್ತಿದ್ದಳು. ಒಂಬತ್ತು ವರ್ಷ ಆ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತಿದ್ದಳು. ಒಂದು ಗುರುವಾರ ಬೆಳಿಗ್ಗೆ ಎರಡು ಸಾಲಿನ ಆದೇಶ ಬಂತು: ಇಂದಿನಿಂದ ದಾಖಲೆ ಕೋಣೆ. ಕಾರಣ ಬರೆದಿರಲಿಲ್ಲ. ನೆಲಮಾಳಿಗೆ, ಕಿಟಕಿ ಇಲ್ಲ, ಮಾತಾಡಲು ಕಪಾಟುಗಳು. ಆಗಿನ ಅಧೀಕ್ಷಕರ ಹತ್ತಿರ ಹೋಗಿ ಕೇಳಿದಳು. ಅವರು ಕನ್ನಡಕ ಒರೆಸಿಕೊಂಡು, ‘ಆಡಳಿತದ ಅನುಕೂಲ,’ ಎಂದರು. ಹಾಗೆಂದರೆ ಯಾರೋ ಏನೋ ಬರೆದುಕೊಟ್ಟಿದ್ದಾರೆ ಎಂಬುದು ಎಂಥ ದಡ್ಡರಿಗೂ ತಿಳಿಯುತ್ತದೆ.

ಯಾರು? ಅದೇ ವಾರದ ಮಂಗಳವಾರ ಸಂಜೆ ಅಧೀಕ್ಷಕರ ಕೋಣೆಯಿಂದ ಹೊರಗೆ ಬಂದವಳನ್ನು ಯಾಕಮ್ಮ ಕಣ್ಣಾರೆ ಕಂಡಿದ್ದಳು. ಬೇರೆ ಯಾರೂ ಅಲ್ಲ, ಅವಳ ಸ್ವಂತ ಓರಗಿತ್ತಿ. ಗಂಡನ ಅಣ್ಣನ ಹೆಂಡತಿ, ಅದೇ ಆಸ್ಪತ್ರೆಯ ಮೂಳೆ ವಾರ್ಡಿನ ಸಿಸ್ಟರ್. ಇವಳಿಗೆ ಇಲ್ಲಿ ಕೆಲಸ ಖಾಲಿ ಇದೆ ಎಂದು ತಿಳಿಸಿ, ಅರ್ಜಿ ಬರೆಸಿ, ಕೈಹಿಡಿದು ಕರೆತಂದವಳೂ ಅವಳೇ. ‘ನೀವೇನಾದ್ರೂ ಹೇಳಿದ್ರಾ?’ ಎಂದು ಕೇಳಿದರೆ, ‘ನನಗೇನೂ ಗೊತ್ತಿಲ್ಲ,’ ಎಂದು ಮುಖ ಆಚೆ ತಿರುಗಿಸಿದಳು. ಆ ತಿರುಗಿಸಿದ ಮುಖವೇ ಸಾಕ್ಷಿ ಎಂದು ಯಾಕಮ್ಮ ತೀರ್ಮಾನ ಮಾಡಿದಳು. ಅಂದಿನಿಂದ ಮಾತು ನಿಂತಿತು.

ಮಾತು ನಿಲ್ಲಿಸುವುದು ಸುಲಭವಲ್ಲ, ಏಕೆಂದರೆ ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಕೆಳಗೆ ಇವಳ ಸಂಸಾರ, ಮೇಲೆ ಅವಳದು, ನಡುವೆ ಹದಿನಾರು ಮೆಟ್ಟಿಲು. ಅತ್ತೆ ಅಂಚೆಯವರಾದರು. ‘ಮೇಲಿನವಳಿಗೆ ಹೇಳಿ, ಮೋಟಾರ್ ಹಾಕಿದೀನಿ, ಬಕೆಟ್ ತುಂಬಿಸಿಕೊಳ್ಳಲಿ,’ ಎಂದು ಇವಳು. ‘ಕೆಳಗಿನವಳಿಗೆ ಹೇಳಿ, ಗ್ಯಾಸಿನವನು ಬಂದಿದ್ದಾನೆ,’ ಎಂದು ಅವಳು. ಎಂಬತ್ತು ದಾಟಿದ ಅತ್ತೆ ಒಂದು ದಿನ ರೋಸಿಹೋಗಿ, ‘ನಿಮ್ಮಿಬ್ಬರ ಮಧ್ಯೆ ನನ್ನ ಮಂಡಿ ಸವೀತು ಕಣ್ರೇ, ನಾನು ಸತ್ತ ಮೇಲೆ ಏನು ಮಾಡ್ತೀರಿ, ಗೋಡೆಗೆ ಹೇಳ್ತೀರಾ?’ ಎಂದಿದ್ದರು. ಇಬ್ಬರೂ ನಗಲಿಲ್ಲ. ಯಾಕಮ್ಮನಿಗೆ ಆ ಬಗ್ಗೆ ಹಟವೂ ಇತ್ತು, ದುಃಖವೂ ಇತ್ತು. ಓರಗಿತ್ತಿಯ ಹೆಜ್ಜೆ ಸದ್ದು ಮೆಟ್ಟಿಲ ಮೇಲೆ ಕೇಳಿದಾಗಲೆಲ್ಲ ಕಿವಿ ಅತ್ತ ಹೋಗುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಪಾಸ್‌ವರ್ಡ್ ಸಾಹೇಬರು ನೆಲಮಾಳಿಗೆಗೆ ಇಳಿದು ಬಂದರು. ಆಸ್ಪತ್ರೆಗೆ ಬಂದ ಮುಖ್ಯ ಮೇಲ್‌ಗಳನ್ನು ಒಂದೊಂದು ಕಡತವಾಗಿ ಉಳಿಸಿ ಇಡುವುದು ದಾಖಲೆ ಕೋಣೆಯ ಹಳೆಯ ಪದ್ಧತಿ. ಹಳೆಯ ಯಂತ್ರವೊಂದರಲ್ಲಿ ವರ್ಷಗಟ್ಟಲೆ ಮುಚ್ಚಿಬಿದ್ದಿದ್ದ ಅಂಥ ಕಡತಗಳನ್ನು ಅವರು ಹೊರಗೆ ತೆಗೆದಿದ್ದರು.

‘ಒಟ್ಟು ನಲವತ್ತೊಂದು ಸಾವಿರ ಇದೆ,’ ಎಂದರು. ‘ಶುಕ್ರವಾರ ಮಧ್ಯಾಹ್ನ ಎಲ್ಲವನ್ನೂ ಹೊಸ ಕಂಪ್ಯೂಟರ್ ಕಪಾಟಿಗೆ ಹಾಕ್ತೀವಿ. ಆಮೇಲೆ ಆಸ್ಪತ್ರೆಯಲ್ಲಿ ಯಾರು ಬೇಕಾದ್ರೂ ಹುಡುಕಿ ಓದ್ಬಹುದು. ಅದಕ್ಕೆ ಮೊದಲು ಪ್ರತಿಯೊಂದಕ್ಕೂ ಒಂದು ಲೇಬಲ್ ಬೀಳ್ಬೇಕು. ನೀವೇ ಕೋಡ್ ಬರೀರಿ.’

‘ಯಾಕೆ?’

‘ಯಾಕೆ ಲೇಬಲ್ಲಾ, ಯಾಕೆ ನೀವಾ?’

‘ಎರಡೂ.’

ಸಾಹೇಬರು ಕುರ್ಚಿ ಎಳೆದು ಕೂತರು. ಲೇಬಲ್ ನಾಲ್ಕು. ‘ಸಾರ್ವಜನಿಕ’ ಎಂದರೆ ಊರಿಗೆಲ್ಲ. ‘ಒಳಗಿನದು’ ಎಂದರೆ ಆಸ್ಪತ್ರೆಯ ಕೆಲಸಗಾರರಿಗೆಲ್ಲ. ‘ಗೋಪ್ಯ’ ಎಂದರೆ ಆಯಾ ವಿಭಾಗದವರಿಗೆ. ‘ಅತಿ ಗೋಪ್ಯ’ ಬಿದ್ದ ಕಡತಕ್ಕೆ ಮಾತ್ರ ಬೀಗವೂ ಬೀಳುತ್ತದೆ. ತೆರೆಯಬಲ್ಲವರು ಮೂವರೇ: ಈಗಿನ ಅಧೀಕ್ಷಕಿ, ನರ್ಸ್‌ಗಳ ಮುಖ್ಯಸ್ಥೆ, ಕಾನೂನು ಸಲಹೆಗಾರರು. ಕೋಡ್ ಓಡುವುದು ಆಸ್ಪತ್ರೆಯ ಹೆಸರಿನಲ್ಲಿ, ಬರೆದವರ ಹೆಸರಿನಲ್ಲಲ್ಲ. ಹಾಗಾಗಿ ಬೀಗ ಹಾಕಿದವಳಿಗೂ ಆಮೇಲೆ ಕೀಲಿ ಇಲ್ಲ. ಇನ್ನು ಅವಳೇ ಯಾಕೆ ಎಂದರೆ, ದಾಖಲೆ ಕೋಣೆಯ ಕೆಲಸ, ಕೋಡ್ ಎರಡನ್ನೂ ಬಲ್ಲವರು ಬೇರೆ ಯಾರೂ ಇಲ್ಲ.

ಆ ಎರಡು ದಿನ ಯಾಕಮ್ಮನಿಗೆ ಹಸಿವು ನೀರಡಿಕೆ ಇರಲಿಲ್ಲ. ಉಳಿಸಿಟ್ಟ ಮೇಲ್ ಎಂದರೆ ಒಂದು ಕಾಗದ ಎಂದುಕೊಂಡಿದ್ದಳು. ಕೋಡಿನಿಂದ ಬಿಚ್ಚಿ ನೋಡಿದರೆ ಅದೊಂದು ಪೆಟ್ಟಿಗೆ. ಕಳಿಸಿದವರು ಯಾರು, ಯಾವ ಹೊತ್ತಿಗೆ ಕಳಿಸಿದರು, ವಿಷಯ ಏನು, ಯಾರಿಗೆ ಗುಟ್ಟಾಗಿ ಪ್ರತಿ ಹೋಯಿತು, ಎಲ್ಲಕ್ಕೂ ಬೇರೆ ಬೇರೆ ಖಾನೆ. ಅದರೊಳಗೆ ಲಗತ್ತಿಸಿದ ಕಾಗದಗಳು. ಅವುಗಳಿಗೆ ಮೊದಲು ಲೇಬಲ್ ಅಂಟಿಸಿ ಆಮೇಲೆ ಪೆಟ್ಟಿಗೆಗೆ ಅಂಟಿಸಬೇಕು. ಇಲ್ಲದಿದ್ದರೆ ಮುಚ್ಚಳಕ್ಕೆ ಬೀಗ, ಬುಡ ಬಯಲು. ಒಂದು ಕಡತಕ್ಕೆ ಬಂದು ಕೋಡ್ ನಿಂತೇಬಿಟ್ಟಿತು. ನೋಡಿದರೆ ಒಂದು ಮೇಲ್‌ನ ಹೊಟ್ಟೆಯಲ್ಲಿ ಇನ್ನೊಂದು ಮೇಲ್, ಅದರ ಹೊಟ್ಟೆಯಲ್ಲಿ ಮತ್ತೊಂದು, ಹೀಗೆ ಐದು. ಐದನೆಯದರಲ್ಲಿದ್ದದ್ದು ‘ಸರಿ’ ಎಂಬ ಒಂದೇ ಪದ. ಯಾಕಮ್ಮ ಒಬ್ಬಳೇ ನಕ್ಕಳು.

ಬುಧವಾರ ಬೆಳಿಗ್ಗೆ ಕೋಡ್ ಸಿದ್ಧವಾಯಿತು. ಏನನ್ನೂ ಮುಟ್ಟದೆ, ಯಾವುದಕ್ಕೆ ಯಾವ ಲೇಬಲ್ ಬೀಳುತ್ತದೆ ಎಂದು ಬರೀ ಪಟ್ಟಿ ಕೊಡುವ ಹಾಗೆ ಅದನ್ನು ಮೊದಲು ಓಡಿಸಿದಳು. ಕಡತದ ಹೆಸರಿನಲ್ಲಿ ‘ರೋಗಿ’ ಇದ್ದರೆ ಗೋಪ್ಯ, ‘ರಿಪೇರಿ’ ಇದ್ದರೆ ಒಳಗಿನದು, ಹೀಗೆ ಅವಳ ನಿಯಮಗಳು. ಪಟ್ಟಿ ಚೆಂದಾಗಿಯೇ ಬಂತು. ಅದನ್ನು ಓದುತ್ತಾ ಬಂದವಳ ಕಣ್ಣು ಒಂದು ಕಡೆ ಸಿಕ್ಕಿಕೊಂಡಿತು.

ಫ್ಯಾನ್ ರಿಪೇರಿ: ಮುನ್ನೂರ ಹನ್ನೆರಡು.

ಇಡೀ ಆಸ್ಪತ್ರೆಯಲ್ಲಿ ಅರವತ್ತು ಫ್ಯಾನ್ ಇದ್ದರೆ ಹೆಚ್ಚು. ಅಷ್ಟು ಸಲ ಕೆಡಲು ಅವೇನು ಹಟ ತೊಟ್ಟಿದ್ದವೇ? ಯಾಕಮ್ಮನ ಕಿವಿ ನೆಟ್ಟಗಾಯಿತು. ಒಂದನ್ನು ತೆರೆದಳು. ಹೆಸರು ‘ಫ್ಯಾನ್ ರಿಪೇರಿ, ಎರಡನೇ ಮಹಡಿ’. ಒಳಗೆ ಎಲೆಕ್ಟ್ರಿಷಿಯನ್ನಿನ ಮೇಲ್: ರೆಕ್ಕೆ ಸರಿಮಾಡಿದ್ದೇನೆ. ಸರಿ, ಬಿಡು. ಇನ್ನೊಂದು, ‘ಫ್ಯಾನ್ ರಿಪೇರಿ, ಮಕ್ಕಳ ವಾರ್ಡ್’. ಒಳಗೆ ಫ್ಯಾನೂ ಇಲ್ಲ, ರೆಕ್ಕೆಯೂ ಇಲ್ಲ. ವಾರ್ಡಿನ ಆಯಾ ಒಬ್ಬಳು ಯಾರ ಕೈಯಲ್ಲೋ ಬರೆಸಿ ಕಳಿಸಿದ ದೂರು. ಹಿರಿಯ ನರ್ಸ್ ಒಬ್ಬರು ಅಳುವ ಮಕ್ಕಳ ಕೈಯನ್ನು ಮಂಚಕ್ಕೆ ಕಟ್ಟುತ್ತಾರೆ, ನನ್ನ ಹೆಸರು ಹೇಳಬೇಡಿ, ನನಗೆ ಈ ಕೆಲಸ ಬಿಟ್ಟು ಬೇರೆ ಇಲ್ಲ. ಮೂರನೆಯದು ಒಬ್ಬ ತರಬೇತಿ ನರ್ಸ್ ಬರೆದದ್ದು, ಒಬ್ಬ ಡಾಕ್ಟರ ಮೇಲೆ. ಅದನ್ನು ಅರ್ಧಕ್ಕಿಂತ ಹೆಚ್ಚು ಓದಲಾಗಲಿಲ್ಲ. ಆ ಡಾಕ್ಟರು ಈಗಲೂ ಇದ್ದಾರೆ, ಆ ಹುಡುಗಿಯೂ ಇದ್ದಾಳೆ. ಶುಕ್ರವಾರ ಮಧ್ಯಾಹ್ನದ ಮೇಲೆ ಆ ಡಾಕ್ಟರು ‘ಫ್ಯಾನ್’ ಎಂದು ಹುಡುಕಿದರೆ ಸಾಕಿತ್ತು.

ಅವಳು ನಾಲಿಗೆ ಕಚ್ಚಿಕೊಂಡು ಕಡತ ಮುಚ್ಚಿದಳು. ಓದಿದ್ದು ತಪ್ಪಾಯಿತು ಅನ್ನಿಸಿತು. ಹಾಗೆ ಅನ್ನಿಸುತ್ತಿರುವಾಗಲೇ ಪಟ್ಟಿಯಲ್ಲಿ ಕೆಳಗೆ ಇನ್ನೊಂದು ಸಾಲು ಕಂಡಿತು: ‘ಫ್ಯಾನ್ ರಿಪೇರಿ, ನೋಂದಣಿ ಕೌಂಟರ್’.

ನೋಂದಣಿ ಕೌಂಟರಿಗೆ ಫ್ಯಾನೇ ಇರಲಿಲ್ಲ. ಒಂಬತ್ತು ಬೇಸಿಗೆ ರಟ್ಟಿನ ಕಡತ ಬೀಸಿಕೊಂಡು ಅಲ್ಲಿ ಕೂತವಳು ಇವಳೇ. ತಾರೀಕು ನೋಡಿದಳು. ಹನ್ನೊಂದು ವರ್ಷದ ಹಿಂದೆ, ಒಂದು ಮಂಗಳವಾರ; ಅವಳನ್ನು ಎತ್ತಿ ನೆಲಮಾಳಿಗೆಗೆ ಹಾಕಿದ ಗುರುವಾರಕ್ಕೆ ಎರಡು ದಿನ ಮೊದಲು. ತನ್ನನ್ನು ಕೌಂಟರಿನಿಂದ ಕಿತ್ತು ಹಾಕಿಸಿದ ಕಾಗದ ಇದೇ. ಯಾರು ಬರೆದರು, ಏನು ಬರೆದರು, ಯಾಕೆ ಬರೆದರು, ಎಲ್ಲ ಇದರಲ್ಲಿದೆ. ಒಂದು ಒತ್ತಿದರೆ ತೆರೆಯುತ್ತದೆ.

ಅವಳು ಒತ್ತಲಿಲ್ಲ. ದೊಡ್ಡ ಮನಸ್ಸಿನಿಂದಲ್ಲ, ಹೆದರಿಕೆಯಿಂದ. ಎದ್ದು ಹೋಗಿ, ಹಿಂದೆ ದಾಖಲೆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರಿಗೆ ಫೋನ್ ಮಾಡಿದಳು. ದಾಖಲೆ ತಾತ ಎಂದೇ ಅವರನ್ನು ಎಲ್ಲರೂ ಕರೆಯುವುದು. ನಿವೃತ್ತರಾಗಿ ಆರು ವರ್ಷ. ಇವಳಿಗೆ ಕೆಲಸ ಕಲಿಸಿದವರು, ಆದರೆ ಮೇಲ್‌ಗಳ ಉಸ್ತುವಾರಿಯನ್ನು ಕೊನೆಯ ದಿನದವರೆಗೂ ಯಾರ ಕೈಗೂ ಕೊಟ್ಟವರಲ್ಲ.

‘ತಾತ, ನಮ್ಮಲ್ಲಿ ಮುನ್ನೂರು ಫ್ಯಾನ್ ಕೆಟ್ಟಿದ್ವಾ?’

ಆ ಕಡೆ ಮೊದಲು ಕೆಮ್ಮು, ಆಮೇಲೆ ನಗು. ‘ಸಿಕ್ಕಿಬಿದ್ದೆನಾ? ಆಗಿನ ಅಧೀಕ್ಷಕರು ಸಂಜೆ ಬಂದು ಕಡತದ ಹೆಸರುಗಳನ್ನೆಲ್ಲ ಓದೋರು ಕಣಮ್ಮ. ದೂರು ಅಂತ ಕಂಡ್ರೆ ತೆಗೆದು ನೋಡೋರು. ನೋಡಿದ ಮೇಲೆ ಕ್ಯಾಂಟೀನಿನವರೆಗೂ ಸುದ್ದಿ. ಪಾಪದ ಜನ, ನನ್ನ ನಂಬಿ ಕಳಿಸಿರ್ತಾರೆ. ಏನು ಮಾಡ್ಲಿ? ಫ್ಯಾನ್ ರಿಪೇರಿ ಅಂತ ಹೆಸರಿಟ್ಟೆ. ಫ್ಯಾನ್ ರಿಪೇರಿ ಓದೋಕೆ ಯಾರಿಗೆ ಪುರುಸೊತ್ತಿದೆ?’

‘ವಿಚಾರಣೆ ಆಗ್ತಿತ್ತಾ?’

‘ಆಗೋದು ಆಗ್ತಿತ್ತು. ಮುಚ್ಚಿಟ್ಟ ಕವರಿನಲ್ಲಿ ಸಮಿತಿಗೆ ನಾನೇ ಕೊಡ್ತಿದ್ದೆ. ಹೆಸರು ಮಾತ್ರ ಹೊರಗೆ ಬರ್ಲಿಲ್ಲ.’

ಯಾಕಮ್ಮ ಕೋಡ್, ಲೇಬಲ್, ಬೀಗದ ವಿಷಯವನ್ನೆಲ್ಲ ಹೇಳಿದಳು. ‘ನೋಂದಣಿ ಕೌಂಟರಿಂದೊಂದಿದೆ, ತಾತ.’

ಆ ಕಡೆ ನಗು ನಿಂತಿತು.

‘ತೆಗೆದ್ಯಾ?’

‘ಇನ್ನೂ ಇಲ್ಲ. ಯಾರು ಬರೆದದ್ದು?’

‘ನಿನ್ನ ಕೋಡ್ ಬೀಗ ಹಾಕ್ಬೇಕಾದ್ರೆ ಕಾಗದ ಓದ್ಲೇಬೇಕಾ?’

‘ಅದು ಓದುತ್ತೆ. ನಾನು ಓದ್ಬೇಕಾಗಿಲ್ಲ.’

‘ಹಾಗಿದ್ರೆ ನನ್ನ ಯಾಕೆ ಕೇಳ್ತೀಯಮ್ಮ? ಬರೆದವರು ನನ್ನ ನಂಬಿ ಬರೆದ್ರು. ಈಗ ನನ್ನ ಜಾಗದಲ್ಲಿ ನೀನಿದ್ದೀಯ. ಮಿಕ್ಕಿದ್ದು ನಿನಗೆ ಬಿಟ್ಟದ್ದು,’ ಎಂದು ತಾತ ಫೋನ್ ಇಟ್ಟರು.

ಬಿಟ್ಟದ್ದು ಎನ್ನುವುದು ಸುಲಭ. ಆ ದಿನ ಮನೆಯಲ್ಲಿ ಅವಳು ಎರಡು ಸಲ ಒಲೆಯ ಮೇಲೆ ಬರೀ ನೀರನ್ನೇ ಕುದಿಸಿದಳು. ಮೇಲೆ ಹೆಜ್ಜೆ ಸದ್ದಾದರೆ ಕತ್ತೆತ್ತಿ ಸೂರು ನೋಡಿದಳು. ಗಂಡ ‘ಏನಾಯ್ತು?’ ಎಂದ. ‘ಏನಿಲ್ಲ,’ ಎಂದಳು. ಅವನು ಅಷ್ಟಕ್ಕೆ ಸುಮ್ಮನಾದ. ಇವನಿಗೆ ಯಾಕೆ ಎಂದು ಕೇಳುವ ಬುದ್ಧಿ ಯಾವ ಜನ್ಮಕ್ಕೆ ಬರುತ್ತದೋ ಎಂದು ಅವಳಿಗೆ ಸಿಟ್ಟೂ ಬಂತು.

ಗುರುವಾರ ಬೆಳಿಗ್ಗೆ ಎದುರಿಗಿದ್ದ ಮೊದಲ ಕಷ್ಟ ಬೇರೆಯೇ. ಮುನ್ನೂರ ಹನ್ನೆರಡರಲ್ಲಿ ನಿಜವಾದ ಫ್ಯಾನುಗಳೂ ಇವೆ. ಎಲ್ಲಕ್ಕೂ ಬೀಗ ಹಾಕಿದರೆ ನಾಳೆ ಎಲೆಕ್ಟ್ರಿಷಿಯನ್ ಬಂದು, ತನ್ನ ಫ್ಯಾನಿನಲ್ಲಿ ಅಂಥ ಗುಟ್ಟೇನಿತ್ತು ಎಂದು ಕೇಳುತ್ತಾನೆ. ಹುಡುಕುವವರಿಗೆ ಅದೇ ಸುಳಿವಾಗುತ್ತದೆ. ಓದದೆ ಬೇರೆ ಮಾಡುವುದು ಹೇಗೆ? ಕೂತು ಯೋಚಿಸಿದಳು. ತಾತ ಹೆಸರು ಬದಲಾಯಿಸಿದ್ದು ಕಡತದ ಮೈಮೇಲೆ ಮಾತ್ರ. ಪೆಟ್ಟಿಗೆಯೊಳಗೆ, ಕಳಿಸಿದವರು ಬರೆದ ವಿಷಯದ ಸಾಲು ಇದ್ದ ಹಾಗೇ ಇದೆ. ಒಳಗಿನ ಸಾಲಿನಲ್ಲೂ ಫ್ಯಾನ್ ಇದ್ದು, ಕಳಿಸಿದವನು ಎಲೆಕ್ಟ್ರಿಷಿಯನ್ ಆಗಿದ್ದರೆ ಅದು ಫ್ಯಾನು. ಹೊರಗೆ ಫ್ಯಾನ್, ಒಳಗೆ ಬೇರೆ ಏನೋ ಇದ್ದರೆ ಅತಿ ಗೋಪ್ಯ. ಯಂತ್ರ ಎರಡನ್ನೂ ಹೋಲಿಸಿ ನೋಡಿಕೊಳ್ಳಲಿ. ಆರು ಸಾಲು ಕೋಡ್, ಅಷ್ಟೇ. ಬರೆದು ಮುಗಿಸಿದಾಗ ಅವಳಿಗೆ ತನ್ನ ಬಗ್ಗೆಯೇ ಸ್ವಲ್ಪ ಹೆಮ್ಮೆಯಾಯಿತು.

ಆರು ಸಾಲಿನ ಕೆಳಗೆ, ಕೈ ತಾನಾಗಿಯೇ ಏಳನೆಯದೊಂದನ್ನು ಬರೆದಿತ್ತು. ಪ್ರತಿ ಕಡತಕ್ಕೂ, ಕಳಿಸಿದವರ ಹೆಸರು ಮತ್ತು ವಿಷಯವನ್ನು ಪರದೆಯ ಮೇಲೆ ತೋರಿಸು. ಅವಳು ಬರೆಯುವ ಎಲ್ಲ ಕೋಡಿನಲ್ಲೂ ಆ ಸಾಲು ಇರುತ್ತದೆ. ಏನು ನಡೆಯುತ್ತಿದೆ ಎಂದು ಕಾಣದಿದ್ದರೆ ಅವಳಿಗೆ ಸಮಾಧಾನವಿಲ್ಲ. ಕಡತ ತೆರೆಯುವುದೇ ಬೇಡ. ಓದಿದಳು ಎಂದು ಯಾರೂ ಅನ್ನುವ ಹಾಗಿಲ್ಲ. ಕೋಡ್ ಓಡುವಾಗ ಪರದೆಯ ಮೇಲೆ ಆ ಹೆಸರು ತಾನಾಗಿ ಹಾದುಹೋಗುತ್ತದೆ, ಕಣ್ಣಿಗೆ ಬಿದ್ದರೆ ಅದು ಅವಳ ತಪ್ಪೇ?

ಅವಳು ಆ ಸಾಲನ್ನು ನೋಡುತ್ತಾ ಕೂತಳು. ಅದರ ಹಿಂದೆ ಮುನ್ನೂರು ಜನ ಇದ್ದರು. ಆಯಾ ಇದ್ದಳು, ತರಬೇತಿಯ ಹುಡುಗಿ ಇದ್ದಳು. ತನಗೆ ಬೇಕಾದ ಒಂದು ಹೆಸರಿಗಾಗಿ ಎಲ್ಲರ ಹೆಸರೂ ಮೆರವಣಿಗೆ ಹೋಗಬೇಕಿತ್ತು. ಬೇಕಾದರೆ ಅದೊಂದನ್ನೇ ತೋರಿಸು ಎಂದೂ ಬರೆಯಬಹುದು, ಅದೂ ಹೊಳೆಯಿತು, ಹೊಳೆದದ್ದಕ್ಕೆ ನಾಚಿಕೆಯಾಯಿತು. ಆ ಕಾಗದ ಬರೆದವರೂ ಆಯಾಳ ಹಾಗೆಯೇ ಹೆದರಿಕೊಂಡು, ನಂಬಿ ಬರೆದಿರಬೇಕಲ್ಲ. ತನಗೆ ಕೆಟ್ಟದ್ದು ಮಾಡಿದವರೇ ಆದರೂ ಬರೆಯುವಾಗ ನಂಬಿದ್ದು ಈ ಕೋಣೆಯನ್ನು. ಹನ್ನೊಂದು ವರ್ಷ ಬೈದುಕೊಂಡ ಕೋಣೆಯ ಮೇಲೆ ಅವಳಿಗೆ ಆಗ ಮೊದಲ ಸಲ ಅಭಿಮಾನ ಉಕ್ಕಿತು. ಏಳನೇ ಸಾಲನ್ನು ಅಳಿಸಿದಳು. ಎಷ್ಟು ಮುಗಿಯಿತು ಎಂಬ ಸಂಖ್ಯೆ ಮಾತ್ರ ಬರುವಂತೆ ಮಾಡಿ, ಓಡಿಸಿದಳು.

ಸಂಖ್ಯೆಗಳು ಏರಿದವು. ನಲವತ್ತೊಂದು ಸಾವಿರ ಮುಗಿಯಲು ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ನಿಜವಾದ ಫ್ಯಾನುಗಳು ಹತ್ತೊಂಬತ್ತು. ಬೀಗ ಬಿದ್ದದ್ದು ಇನ್ನೂರ ತೊಂಬತ್ಮೂರಕ್ಕೆ. ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಪರೀಕ್ಷೆ ಮಾಡುವುದೂ ಅವಳದೇ ಕೆಲಸ. ನೋಂದಣಿ ಕೌಂಟರಿನ ಕಡತವನ್ನೇ ಒತ್ತಿದಳು. ‘ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ’ ಎಂದು ಬಂತು. ಸಾಹೇಬರು ಬಂದು ನೋಡಿ, ಲೇಬಲ್ ಇಲ್ಲದ ಹಳೆಯ ಪ್ರತಿಗಳನ್ನು ಅವಳ ಕಣ್ಣೆದುರೇ ಅಳಿಸಿ, ‘ಶಹಬ್ಬಾಸ್,’ ಎಂದು ಹೊರಟರು. ಅವರು ಹೋದ ಮೇಲೆ ಯಾಕಮ್ಮ ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಅತ್ತಳು. ಸಿಗಬೇಕಾದ ಉತ್ತರವನ್ನು ತನ್ನ ಕೈಯಾರೆ ಕಳೆದುಕೊಂಡಿದ್ದಳು.

ಸಂಜೆ ಮನೆಗೆ ಬಂದವಳು ಕೈಚೀಲ ಕೆಳಗಿಡದೆ ನೇರ ಮೆಟ್ಟಿಲು ಹತ್ತಿದಳು. ಜಗಲಿಯಲ್ಲಿ ಕೂತಿದ್ದ ಅತ್ತೆ, ‘ಏನು ಹೇಳ್ಬೇಕು ನನಗೆ ಹೇಳೇ, ಮಂಡಿ ಇನ್ನೂ ಇದೆ,’ ಎಂದರು. ‘ಇದನ್ನ ನಾನೇ ಹೇಳ್ಬೇಕು ಅತ್ತೆ,’ ಎಂದಳು. ಅತ್ತೆ ಬಾಯಿ ತೆರೆದು ಹಾಗೇ ನೋಡಿದರು.

ಓರಗಿತ್ತಿ ಸಮವಸ್ತ್ರ ಬದಲಾಯಿಸಿ, ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದಳು. ಬಾಗಿಲಲ್ಲಿ ಇವಳನ್ನು ಕಂಡು ಕೈಯಲ್ಲಿದ್ದ ದಿಂಬಿನ ಕವರು ಹಾಗೇ ನಿಂತಿತು.

‘ಅಕ್ಕ,’ ಎಂದಳು ಯಾಕಮ್ಮ. ‘ನನ್ನ ಮೇಲೆ ಬರೆದ ಕಾಗದ ನಿನ್ನೆ ನನ್ನ ಕೈಗೆ ಸಿಕ್ತು.’

ಓರಗಿತ್ತಿಯ ಮುಖ ಬಿಳಿಚಿಕೊಂಡಿತು. ‘ಓದಿದ್ಯಾ?’

‘ಇಲ್ಲ. ಓದ್ಬಹುದಿತ್ತು. ಓದದೆ ಬೀಗ ಹಾಕ್ಬಿಟ್ಟೆ. ಇನ್ನು ನನಗೂ ತೆಗೆಯೋಕಾಗಲ್ಲ. ಯಾರು ಬರೆದ್ರು ಅಂತ ಕೇಳೋಕೆ ಬಂದಿಲ್ಲ. ಹನ್ನೊಂದು ವರ್ಷ ನಿಮ್ಮ ಮೇಲೆ ಸುಮ್ಮನೆ ಅನುಮಾನ ಪಟ್ಟಿದ್ರೆ, ತಪ್ಪಾಯ್ತು ಅನ್ನೋಕೆ ಬಂದೆ.’

ಓರಗಿತ್ತಿ ದಿಂಬಿನ ಕವರನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

‘ಸುಮ್ಮನೆ ಅಲ್ಲ,’ ಎಂದಳು. ‘ನಾನೇ ಬರೆದದ್ದು.’

ಯಾಕಮ್ಮ ಕೈಚೀಲವನ್ನು ಮೆಲ್ಲಗೆ ಕೆಳಗಿಟ್ಟಳು.

‘ಓದಿ ಬಂದಿದ್ರೆ ನಾನು ತುಟಿ ಬಿಚ್ತಿರ್ಲಿಲ್ಲ. ಓದದೆ ಬಂದಿದ್ದೀಯ. ಕೂತ್ಕೋ,’ ಎಂದಳು ಓರಗಿತ್ತಿ. ಯಾಕಮ್ಮ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು. ‘ಒಂದು ಹುಡುಗಿ ಬಂದಿದ್ಳು ನಿನ್ನ ಕೌಂಟರಿಗೆ. ಮಾವ ಹಿಂದೆ ನಿಂತಿದ್ದ. ನೀನು ಅವಳನ್ನ ನೋಡಿ ನಗ್ತಾ, ಸೋಮವಾರ ಒಬ್ಬಳೇ ಬಂದಿದ್ಯಲ್ಲ ಡಾಕ್ಟರ ಹತ್ತಿರ, ಮತ್ತೆ ಯಾಕೆ ಬಂದೆ ಅಂತ ಕೇಳ್ದೆ. ಸೋಮವಾರ ಬಂದದ್ದು ಮನೆಯಲ್ಲಿ ಗೊತ್ತಿರ್ಲಿಲ್ಲ. ಅದೇ ಸಂಜೆ ನನ್ನ ವಾರ್ಡಿಗೆ ಬಂದ್ಳು. ಬಲಗೈ ಎರಡು ಕಡೆ ಮುರಿದಿತ್ತು.’

ಯಾಕಮ್ಮ ಕಣ್ಣು ಮುಚ್ಚಿ ಆ ಮುಖವನ್ನು ಹುಡುಕಿದಳು. ದಿನಕ್ಕೆ ಮುನ್ನೂರು, ಒಂಬತ್ತು ವರ್ಷ. ಎಷ್ಟು ಜನರನ್ನು ನಗುತ್ತಾ ಕೇಳಿದ್ದಳೋ. ಎಷ್ಟು ಹುಡುಕಿದರೂ ಆ ಹುಡುಗಿ ನೆನಪಿಗೆ ಬರಲಿಲ್ಲ. ಕೈ ಮುರಿದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

‘ನನಗೆ ಹೇಳ್ಬಹುದಿತ್ತಲ್ಲ ಅಕ್ಕ. ಬೈಬಹುದಿತ್ತು.’

‘ಹೇಳೋಣ ಅಂತಲೇ ಹೊರಟೆ. ಅವಳೇ ಎಡಗೈಯಲ್ಲಿ ನನ್ನ ಸೆರಗು ಹಿಡ್ಕೊಂಡ್ಳು. ಕೌಂಟರಿನ ಅಕ್ಕ ಒಳ್ಳೆಯವರು, ನನ್ನ ಹತ್ತಿರ ಅಷ್ಟು ಚೆನ್ನಾಗಿ ಮಾತಾಡಿದ್ದು ಅವರೊಬ್ಬರೇ, ಅವರಿಗೆ ಹೇಳ್ಬೇಡಿ, ನೊಂದುಕೊಳ್ತಾರೆ ಅಂದ್ಳು. ನಾನು ಮಾತು ಕೊಟ್ಟೆ. ಆದ್ರೆ ನಿನ್ನ ಅಲ್ಲೇ ಬಿಡೋಕೂ ಆಗ್ಲಿಲ್ಲ, ನಾಳೆ ಇನ್ನೊಬ್ಬಳು ಬರ್ತಾಳೆ. ಇವಳ ಕೆಲಸ ಚೊಕ್ಕ, ಎಲ್ಲಾದ್ರೂ ಕಾಗದಗಳ ಹತ್ತಿರ ಹಾಕಿ, ಕಾರಣ ಹೇಳ್ಬೇಡಿ ಅಂತ ಬರೆದು ತಾತನಿಗೆ ಕಳಿಸ್ದೆ. ಹುಡುಗಿಯ ಮಾತೆತ್ತದೆ ಅಧೀಕ್ಷಕರ ಹತ್ತಿರ ಹೋಗಿ ಕೈಮುಗಿದದ್ದೂ ನಾನೇ. ನೀನು ಮಾತು ಬಿಡ್ತೀಯ ಅಂತ ಗೊತ್ತಿತ್ತು.’ ಅವಳು ಮಡಚಿದ ಕವರನ್ನು ರಾಶಿಯ ಮೇಲಿಟ್ಟಳು. ‘ಹನ್ನೊಂದು ವರ್ಷ ಬಿಡ್ತೀಯ ಅಂತ ಗೊತ್ತಿರ್ಲಿಲ್ಲ.’

ಕೆಳಗೆ ಅತ್ತೆ ಯಾರನ್ನೋ ಗದರುತ್ತಿದ್ದ ಸದ್ದು ಕೇಳಿತು, ನಿಂತಿತು. ಯಾಕಮ್ಮ ತನ್ನ ಕೈಗಳನ್ನು ನೋಡಿಕೊಂಡು ಕೂತಿದ್ದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳುವುದೂ ತೋಚಲಿಲ್ಲ. ಕೊನೆಗೆ ತಲೆಯೆತ್ತಿದಳು.

‘ಆ ಹುಡುಗಿ ಈಗ…’ ಎಂದು ಶುರುಮಾಡಿದಳು.

ಓರಗಿತ್ತಿ ಅವಳ ಮುಖವನ್ನೇ ನೋಡಿದಳು. ಉತ್ತರ ಅವಳಿಗೆ ಗೊತ್ತಿತ್ತು ಎಂಬುದು ಕಣ್ಣಲ್ಲೇ ಕಾಣುತ್ತಿತ್ತು. ಕೇಳಿದರೆ ಹೇಳಿಬಿಡುತ್ತಿದ್ದಳೇನೋ.

‘ಬೇಡ ಅಕ್ಕ, ಹೇಳ್ಬೇ‍ಡಿ,’ ಎಂದಳು ಯಾಕಮ್ಮ. ‘ಅದು ಅವಳದು.’

ಓರಗಿತ್ತಿ ಮಂಚದ ಮೇಲಿದ್ದ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಯಾಕಮ್ಮ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತಳು.